ಗರಡಿಯ ಹೆಜ್ಜೆ, ಶಾವೊಲಿನ್ ಹೆಜ್ಜೆ ಮತ್ತು ನಾನೇ ಹಬ್ಬಿಸಿದ ಒಂದು ಸುಳ್ಳು

ದೀಪಾವಳಿಗೆ ಊರಿಗೆ ಹೋಗಿದ್ದೆ. ರಾಣೆಬೆನ್ನೂರು ದಾಟಿ, ಬ್ಯಾಡಗಿ ದಾಟಿ ರೈಲು ಹಾವೇರಿ ಮುಟ್ಟುವಷ್ಟರಲ್ಲಿ ಕಾಕಾನ ಫೋನು ಮೂರು ಸಲ ಬಂದಿತ್ತು. "ಎಲ್ಲಿ ಬಂದಿಯೋ ತಮ್ಮಾ? ಲ್ಯಾಪ್‌ಟಾಪ್ ತಂದೀಯಿಲ್ಲೊ?" ಹಬ್ಬಕ್ಕೆ ಬರುವವನನ್ನು ಹೋಳಿಗೆ ತಿನ್ನೋಕೆ ಕರೀತಾರೆ ಅಂದುಕೊಂಡಿದ್ದೆ, ಕರೆದದ್ದು ಟೈಪ್ ಮಾಡೋಕೆ :)

ವಿಷಯ ಇಷ್ಟು. ನಮ್ಮ ಓಣಿಯಲ್ಲಿ ಒಂದು ಗರಡಿ ಮನೆ ಇದೆ. ಕಾಕಾ ಅಲ್ಲೇ ಸಾಮು ಮಾಡಿ ಬೆಳೆದವರು, ಈಗ ಅದರ ವಸ್ತಾದರು. ಮೊಣಕಾಲು ಹೋಗಿ ಹತ್ತು ವರ್ಷವಾದರೂ ದಿನಾ ಬೆಳಿಗ್ಗೆ ಐದಕ್ಕೆ ಹೋಗಿ ಹನುಮಪ್ಪನ ಫೋಟೋಕ್ಕೆ ಊದಿನಕಡ್ಡಿ ಹಚ್ಚುತ್ತಾರೆ. ಕಳೆದ ಮಳೆಗಾಲದಲ್ಲಿ ಹಂಚು ಕುಸಿದು ಮಟ್ಟಿಯ ಮಣ್ಣೆಲ್ಲ ರಾಡಿಯಾಗಿದೆ. ಪಕ್ಕದ ಅಂಗಡಿಯವರು ಸಿಮೆಂಟ್ ಗೋಡೌನ್ ಮಾಡಿಕೊಳ್ತೀವಿ, ಬಾಡಿಗೆ ಕೊಡ್ತೀವಿ ಅಂತ ಎರಡು ಸಲ ಕೇಳಿದ್ದಾರೆ. ದುರಸ್ತಿಗೆ ನೆರವು ಕೇಳಿ ಒಂದು ಕಚೇರಿಗೆ ಅರ್ಜಿ ಹಾಕಿದರೆ, ಅಲ್ಲಿಯವರು "ಗರಡಿ ಮನೆಯ ಇತಿಹಾಸ, ಎರಡು ಪುಟ, ಟೈಪ್ ಮಾಡಿ ಲಗತ್ತಿಸಿ" ಅಂದರಂತೆ. ಕಾಕಾ ಮತ್ತು ಅವರ ಗೆಳೆಯರು ಕೂತು ಕೈಬರಹದಲ್ಲಿ ಒಂದು ಕರಡು ಮಾಡಿದ್ದರು. ಅದರ ಮೊದಲ ಸಾಲಿನ ತಾತ್ಪರ್ಯ: ನಮ್ಮ ಕನ್ನಡ ನಾಡಿನ ಮಲ್ಲವಿದ್ಯೆಯನ್ನೇ ಬೋಧಿಧರ್ಮ ಚೀನಾಕ್ಕೆ ಒಯ್ದು ಶಾವೊಲಿನ್ ಮಠದಲ್ಲಿ ಕುಂಗ್‌ಫು ಹುಟ್ಟಿಸಿದ.

ನನ್ನ ಎದೆ ಧಸಕ್ಕೆಂದಿತು. ಯಾಕಂದ್ರೆ ಆ ಮಾತು ಗರಡಿಗೆ ತಂದು ಹಾಕಿದವನು ನಾನೇ!

೨೦೧೧ರಲ್ಲಿ ಸೂರ್ಯನ 'ಏಳಾಂ ಅರಿವು' ಸಿನಿಮಾ ಬಂತಲ್ಲ, ಬೋಧಿಧರ್ಮ ಕಾಂಚೀಪುರದಿಂದ ಚೀನಾಕ್ಕೆ ಹೋಗುವ ಕತೆ. ನಾನಾಗ ಹೈಸ್ಕೂಲು. ನೋಡಿ ತಲೆ ಕೆಟ್ಟುಹೋಗಿತ್ತು. ಅದೇ ವರ್ಷ ಶಾಲೆಯಲ್ಲಿ ಭಾಷಣ ಸ್ಪರ್ಧೆ. ಕಾಂಚೀಪುರದ ಪಲ್ಲವರನ್ನು ಕೈಬಿಟ್ಟು ಅಲ್ಲಿ ಕನ್ನಡ ನಾಡು ಸೇರಿಸಿ, ಕಲರಿಪಯಟ್ಟು ಇದ್ದ ಕಡೆ ಕುಸ್ತಿ ಸೇರಿಸಿ ಹತ್ತು ನಿಮಿಷ ಕೂಗಾಡಿದ್ದೆ. ಎರಡನೇ ಬಹುಮಾನ, ಒಂದು ಸ್ಟೀಲ್ ಡಬ್ಬಿ. ಕಾಕಾ ಹೆಮ್ಮೆಯಿಂದ ಗರಡಿಯ ಹುಡುಗರಿಗೆಲ್ಲ ಹೇಳಿಕೊಂಡು ತಿರುಗಿದರು. ಅದು ಹದಿನೈದು ವರ್ಷದಲ್ಲಿ ಬಾಯಿಂದ ಬಾಯಿಗೆ ಹೋಗಿ ಈಗ 'ಇತಿಹಾಸ' ಆಗಿ, ಸಹಿ ಹಾಕಿ ಸರ್ಕಾರಕ್ಕೆ ಕೊಡುವ ಕಾಗದದ ಮೊದಲ ಸಾಲಾಗಿ ಕೂತಿತ್ತು.

ಅವತ್ತೇ ಏನೂ ಹೇಳೋಕೆ ಬಾಯಿ ಬರಲಿಲ್ಲ. ಸಂಜೆ ಗರಡಿಗೆ ಹೋದೆವು. ಅಣ್ಣನ ಮಗನೂ ಬಂದ. ಅವನು ಊರಲ್ಲಿ ವಾರಕ್ಕೆ ಮೂರು ದಿನ ಕುಂಗ್‌ಫು ಕ್ಲಾಸಿಗೆ ಹೋಗ್ತಾನೆ, ಗರಡಿಗೆ ಬರೋದಿಲ್ಲ. ಕಾಕಾಗೆ ಅದೊಂದು ನೋವು. ಆದರೂ "ಏನ್ ಕಲಿಸ್ಯಾರ ತೋರ್ಸಲೇ" ಅಂದರು. ಹುಡುಗ ಕಾಲಗಲಿಸಿ, ತೊಡೆ ತಗ್ಗಿಸಿ, ಕುದುರೆ ಮೇಲೆ ಕೂತವನ ಹಾಗೆ ನಿಂತ. ಇದಕ್ಕೆ 'ಮಾ ಬು' ಅಂತಾರೆ, ಕುದುರೆ ಹೆಜ್ಜೆ. ಆಮೇಲೆ ಒಂದು ಕಾಲು ಮುಂದೆ ಬಾಗಿಸಿ ಇನ್ನೊಂದು ಹಿಂದಕ್ಕೆ ನೀಟಿ ನಿಂತ. ಇದು 'ಗೊಂಗ್ ಬು', ಅಂದರೆ ಬಿಲ್ಲು ಹೆಜ್ಜೆ. ಮುಂದಿನ ಕಾಲು ಬಿಲ್ಲಿನ ಹಾಗೆ ಬಾಗಿರುತ್ತದೆ ಅಂತ ಆ ಹೆಸರು. ಮೂರನೆಯದು ನನಗೆ ಇಷ್ಟವಾದದ್ದು, 'ಷು ಬು', ಬರಿದು ಹೆಜ್ಜೆ. ಪೂರಾ ಭಾರ ಹಿಂದಿನ ಕಾಲ ಮೇಲೆ. ಮುಂದಿನ ಕಾಲು ನೆಲಕ್ಕೆ ಸುಮ್ಮನೆ ತಾಗಿದೆ ಅಷ್ಟೆ. ಅದು ಯಾವ ಕಡೆ ಬೇಕಾದರೂ ಹೋಗಬಹುದು, ಒದೆಯಲೂಬಹುದು.

ಕಾಕಾ ಕಣ್ಣು ಚಿಕ್ಕದು ಮಾಡಿ ನೋಡಿದರು. ಅವನು ಬಿಲ್ಲು ಹೆಜ್ಜೆಯಿಂದ ಮುಂದಿನ ಹೆಜ್ಜೆಗೆ ಕಾಲೆತ್ತುವ ಹೊತ್ತಿಗೆ, ಕೂತಲ್ಲಿಂದಲೇ ತಮ್ಮ ಊರುಗೋಲು ಚಾಚಿ ಹಿಮ್ಮಡಿಗೆ ಸಣ್ಣಗೆ ತಾಗಿಸಿದರು. ಹುಡುಗ ಮಣ್ಣಲ್ಲಿ ಕೂತ.

"ಕಾಲು ಎತ್ತಿದ ಗಳಿಗಿ ನಿಂದಲ್ಲಲೇ, ಎದುರಿನವಂದು. ಅದನ್ನ ನಿಮ್ಮ ಮಾಸ್ತರ ಹೇಳಿಲ್ಲೇನು?"

"ಹೇಳ್ಯಾರ ಅಜ್ಜಾ. ಭಾರ ಒಂದ ಕಾಲಿಗೆ ಪೂರಾ ಬಂದ ಮ್ಯಾಲೆ ಇನ್ನೊಂದು ಎತ್ತಬೇಕಂತ."

ಕಾಕಾನ ಮುಖದಲ್ಲಿ ಮೊದಲ ಸಲ ಆ ಕ್ಲಾಸಿನ ಬಗ್ಗೆ ಒಂದು ಗೌರವ ಕಂಡೆ. "ಹಂಗಾರ ಅವರಿಗೂ ಗೊತ್ತೈತಿ" ಅಂದರು. ತಕ್ಷಣ ನನ್ನ ಕಡೆ ತಿರುಗಿ, "ನೋಡು, ನಮ್ಮಿಂದನ ಹೋಗಿದ್ದು. ಬರಿ, ಬರಿ!"

ಎರಡು ಕಡೆ ಒಂದೇ ಥರ ಕಂಡರೆ ಒಬ್ಬರಿಂದ ಒಬ್ಬರು ಕದ್ದರು ಅಂತಲೇ ಎಲ್ಲರೂ ಹೇಳೋದು. ನಮ್ಮ ಕೆಲಸದಲ್ಲೂ ಹಾಗೇ. ಎರಡು ಫೈಲುಗಳಲ್ಲಿ ಒಂದೇ ಥರದ ಕೋಡ್ ಕಂಡರೆ ಮೊದಲು ಬರೋ ಅನುಮಾನ ಕಾಪಿ ಪೇಸ್ಟ್. ಆದರೆ ಹಳೆಯ ದಾಖಲೆ ತೆಗೆದು ಯಾರು ಯಾವತ್ತು ಬರೆದದ್ದು ಅಂತ ನೋಡಿದಾಗ, ಎಷ್ಟೋ ಸಲ ಒಂದೇ ಸಮಸ್ಯೆಗೆ ಇಬ್ಬರು ಬೇರೆ ಬೇರೆ ಕೂತು ಒಂದೇ ಉತ್ತರ ಕಂಡುಕೊಂಡಿರುತ್ತಾರೆ. ಹಾಗಾಗಿ ಆ ರಾತ್ರಿ ಬೋಧಿಧರ್ಮನ 'ಹಳೆಯ ದಾಖಲೆ' ತೆಗೆದು ಕೂತೆ.

ಶಾವೊಲಿನ್ ಮಠ ಕಟ್ಟಿದ್ದು ಕ್ರಿ.ಶ. ೪೯೫-೯೬ರ ಸುಮಾರಿಗೆ, ಉತ್ತರ ವೇಯಿ ವಂಶದ ಅರಸ ಕಟ್ಟಿಸಿಕೊಟ್ಟದ್ದು. ಯಾರಿಗೆ? ಬಾತುವೊ ಅಂತ ಚೀನೀಯರು ಕರೆಯುವ ಭಾರತದ ಒಬ್ಬ ಭಿಕ್ಷುವಿಗೆ. ಅಂದರೆ ಭಾರತದ ನಂಟು ನಿಜವಾಗಿಯೂ ಇದೆ, ಆದರೆ ಬೋಧಿಧರ್ಮನಿಗಿಂತ ಮೊದಲು, ಬೇರೆಯವರ ಮೂಲಕ! ಬೋಧಿಧರ್ಮನ ಹೆಸರು ಮೊದಲು ಸಿಗೋದು ೫೪೭ರ ಒಂದು ಗ್ರಂಥದಲ್ಲಿ, ಲುವೊಯಾಂಗ್ ನಗರದ ಬೌದ್ಧ ಮಠಗಳ ವರ್ಣನೆಯಲ್ಲಿ. ಅಲ್ಲಿ ಅವನನ್ನು ಪರ್ಷಿಯಾದವನು ಅಂತ ಹೇಳಿದೆ. ಅವನ ಶಿಷ್ಯವರ್ಗದ ಬರಹ ದಕ್ಷಿಣ ಭಾರತದವನು ಅನ್ನುತ್ತದೆ. ೬೪೫ರಲ್ಲಿ ದಾವೊಶುವಾನ್ ಬರೆದ ಭಿಕ್ಷುಗಳ ಚರಿತ್ರೆಯಲ್ಲೂ ಅವನಿದ್ದಾನೆ. ಈ ಹಳೆಯ ಬರಹಗಳಲ್ಲೆಲ್ಲ ಧ್ಯಾನ ಇದೆ, ಮುಷ್ಟಿ ಇಲ್ಲ.

ಮುಷ್ಟಿ ಎಲ್ಲಿಂದ ಬಂತು? 'ಯಿಜಿನ್ ಜಿಂಗ್' ಅಂತ ಒಂದು ವ್ಯಾಯಾಮ ಗ್ರಂಥ. ಬೋಧಿಧರ್ಮನೇ ಬಿಟ್ಟುಹೋದದ್ದು ಅಂತ ಅದು ಹೇಳಿಕೊಳ್ಳುತ್ತದೆ. ೬೨೮ ಮತ್ತು ೧೧೪೨ರ ತಾರೀಖು ಹಾಕಿದ ಎರಡು ಮುನ್ನುಡಿ ಬೇರೆ. ಆದರೆ ಆ ಮುನ್ನುಡಿಗಳಲ್ಲಿ ಕಾಲದ ತಪ್ಪುಗಳು ಹೊಯ್ದಾಡುತ್ತವೆ. ಗ್ರಂಥ ಹುಟ್ಟಿದ್ದು ೧೬೨೪ರಲ್ಲಿ, ದಾವೊ ಪಂಥದ ಒಬ್ಬನಿಂದ. ಹದಿನೆಂಟನೇ ಶತಮಾನದ ಚೀನೀ ವಿದ್ವಾಂಸ ಲಿಂಗ್ ತಿಂಗ್‌ಕಾನ್ ಆಗಲೇ ಇದನ್ನು ಬರೆದವನನ್ನು ಗೇಲಿ ಮಾಡಿದ್ದ. ೧೯೩೦ರ ದಶಕದಲ್ಲಿ ತಾಂಗ್ ಹಾವೊ, ಇತ್ತೀಚೆಗೆ ೨೦೦೮ರ ತನ್ನ ಶಾವೊಲಿನ್ ಪುಸ್ತಕದಲ್ಲಿ ಮೇಯಿರ್ ಶಹಾರ್, ಎಲ್ಲರೂ ಇದೇ ತೀರ್ಮಾನಕ್ಕೆ ಬಂದವರು. ಸಾವಿರ ವರ್ಷ ಆದ ಮೇಲೆ ಯಾರೋ ಒಂದು ದೊಡ್ಡ ಹೆಸರು ಅಂಟಿಸಿದರು. ನಾನು ಸ್ಟೀಲ್ ಡಬ್ಬಿಗೋಸ್ಕರ ಮಾಡಿದ್ದೂ ಅದೇ ಕೆಲಸ ತಾನೆ!

ಹಾಗಂತ ಶಾವೊಲಿನ್ ಭಿಕ್ಷುಗಳು ಹೊಡೆದಾಡಲೇ ಇಲ್ಲ ಅಂತಲ್ಲ. ೬೨೧ರಲ್ಲಿ, ಮುಂದೆ ತಾಂಗ್ ಚಕ್ರವರ್ತಿಯಾದ ಲಿ ಶಿಮಿನ್‌ನ ಪರವಾಗಿ ಅವರು ಕಾದಾಡಿದ್ದನ್ನು ೭೨೮ರ ಶಿಲಾಶಾಸನ ಹೇಳುತ್ತದೆ. ಆಮೇಲೆ ಅವರ ಹೆಸರು ಮೆರೆದದ್ದು ದೊಣ್ಣೆಯಲ್ಲಿ. ಅದರಲ್ಲೂ ಒಂದು ತಮಾಷೆ ಇದೆ. ೧೫೬೧ರಲ್ಲಿ ಯು ದಾಯೊ ಎಂಬ ಮಿಂಗ್ ಸೇನಾಪತಿ ಆಸೆಪಟ್ಟು ಶಾವೊಲಿನ್‌ಗೆ ಹೋಗಿ ದೊಣ್ಣೆವರಸೆ ನೋಡಿದ. ನಿರಾಶೆಯಾಯ್ತು. ನಿಮ್ಮ ಹಿರಿಯರ ವಿದ್ಯೆ ಕಳೆದುಹೋಗಿದೆ ಅಂತ ಹೇಳಿ ಇಬ್ಬರು ಭಿಕ್ಷುಗಳನ್ನು ತನ್ನ ಜೊತೆ ಕರೆದೊಯ್ದು ಕಲಿಸಿ ಕಳಿಸಿದ. ಅಂದರೆ ಹೆಸರು ಇರೋ ಕಡೆ ವಿದ್ಯೆ ಇರಲೇಬೇಕು ಅಂತೇನಿಲ್ಲ, ನಾಲ್ಕೂವರೆ ಶತಮಾನದ ಹಿಂದೆಯೂ.

ಅವನ ಜೊತೆಗಾರ ಸೇನಾಪತಿ ಚಿ ಜಿಗುವಾಂಗ್. ಕರಾವಳಿಯ ಕಡಲ್ಗಳ್ಳರ ವಿರುದ್ಧ ರೈತರ ಮಕ್ಕಳನ್ನು ಕಟ್ಟಿಕೊಂಡು ಹೋರಾಡಿದವನು. ೧೫೬೦ರ ಸುಮಾರಿಗೆ ಅವನು ಬರೆದ ಸೈನ್ಯದ ಕೈಪಿಡಿಯಲ್ಲಿ ಬರಿಗೈ ಕಾಳಗದ ೩೨ ಭಂಗಿಗಳಿವೆ. ಆದರೆ ಅವನಿಗೆ ಭ್ರಮೆ ಇರಲಿಲ್ಲ. ಬರಿಗೈ ವಿದ್ಯೆ ರಣರಂಗದಲ್ಲಿ ಅಷ್ಟೇನೂ ಕೆಲಸಕ್ಕೆ ಬರೋದಿಲ್ಲ, ಕೈಕಾಲು ಪಳಗಿಸಲು, ಹೊಸಬರಿಗೆ ಅಡಿಪಾಯಕ್ಕೆ ಒಳ್ಳೆಯದು ಎಂಬರ್ಥದಲ್ಲಿ ಬರೆಯುತ್ತಾನೆ. ೧೫೮೪ರಲ್ಲಿ ಪುಸ್ತಕ ಪರಿಷ್ಕರಿಸುವಾಗ ಆ ಅಧ್ಯಾಯವನ್ನೇ ಕೈಬಿಟ್ಟ. ಅವನು ತಲೆ ಕೆಡಿಸಿಕೊಂಡದ್ದು ಯಾರು ಎಲ್ಲಿ ನಿಲ್ಲಬೇಕು ಅನ್ನೋದಕ್ಕೆ. ಹನ್ನೆರಡು ಜನರ ಪುಟ್ಟ ತಂಡ, ಮುಂದೆ ಗುರಾಣಿ, ಹಿಂದೆ ಉದ್ದ ಈಟಿ, ಒಬ್ಬರ ಬೆನ್ನು ಒಬ್ಬರು ಕಾಯುವ ಹಾಗೆ. ಒಂಟಿ ಶೂರನಿಗಿಂತ ಸರಿಯಾದ ಜಾಗದಲ್ಲಿ ನಿಂತ ಹನ್ನೆರಡು ಸಾಧಾರಣ ಜನ ಮೇಲು ಅನ್ನೋದು ಅವನ ಲೆಕ್ಕ.

ಒಂಟಿ ಮನುಷ್ಯನ ನಡಿಗೆಯನ್ನೇ ವಿದ್ಯೆ ಮಾಡಿದವನು ಇನ್ನೊಬ್ಬ, ಹತ್ತೊಂಬತ್ತನೇ ಶತಮಾನದ ದೊಂಗ್ ಹಾಯ್‌ಚುವಾನ್. ಬೀಜಿಂಗ್‌ನಲ್ಲಿ ಕಲಿಸುತ್ತಿದ್ದ, ೧೮೮೨ರಲ್ಲಿ ತೀರಿಕೊಂಡ. ಅವನ 'ಬಾಗುವಾ' ಪದ್ಧತಿಯಲ್ಲಿ ಮುಖ್ಯ ಪಾಠ ಹೊಡೆಯೋದಲ್ಲ, ಸುತ್ತೋದು. ನೆಲದ ಮೇಲೆ ಒಂದು ವೃತ್ತ. ನಡುವೆ ಎದುರಾಳಿ ಇದ್ದಾನೆ ಅಂತ ತಿಳಿದುಕೊಂಡು ಅಂಚಿನ ಮೇಲೆ ಗಂಟೆಗಟ್ಟಲೆ ನಡೆಯಬೇಕು. ಯಾಕೆ? ಎದುರಾಳಿಯ ಬಲವೆಲ್ಲ ಅವನ ಮೂಗಿನ ನೇರಕ್ಕೆ ಇರುತ್ತದೆ. ಆ ಗೆರೆಯಿಂದ ಸರಿದು ಅವನ ಪಕ್ಕೆಗೆ ಬಂದರೆ ಅವನ ಎರಡು ಕೈಯಲ್ಲಿ ಒಂದು ಕೈ ಆಗಲೇ ದಂಡ. ಅವನು ತಿರುಗಬೇಕು. ತಿರುಗುವಾಗ ಕಾಲು ಎತ್ತಬೇಕು. ಕಾಲು ಎತ್ತಿದ ಗಳಿಗೆ ಯಾರದ್ದು ಅಂತ ಕಾಕಾ ಆಗಲೇ ಹೇಳಿದ್ದಾರೆ :)

ಬೆಳಿಗ್ಗೆ ಚಹಾ ಕುಡಿಯುತ್ತಾ ಕಾಕಾಗೆ ಹೇಳಿದೆ, ಆ ಮೊದಲ ಸಾಲು ತೆಗೀಬೇಕು ಅಂತ. ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಬೇಜಾರು ಮಾಡಿಕೊಂಡರು. "ಅಲ್ಲೋ, ಕಚೇರ್ಯಾಗಿನ ಮಂದಿ ಏನ್ ನೋಡ್ತಾರ? ನಮ್ಮಂಥಾ ಗರಡಿ ಊರಿಗೆ ಹತ್ತು ಬಿದ್ದಾವ. ಶಾವೊಲಿನ್ ಅಂದ್ರ ಒಂದು ವಜನ ಬರತೈತಿ. ಅದನ್ನ ಕಿತ್ತ್ ಒಗದರ ಏನ್ ಉಳೀತು?"

ಪ್ರಶ್ನೆ ನ್ಯಾಯವಾದದ್ದೇ. ಏನು ಉಳೀತು?

ಚೀನಾ ಮತ್ತು ನಮ್ಮ ನಡುವೆ ನಿಜವಾದ ದಾಖಲೆಯೇ ಇದೆ, ಆರನೇ ಕ್ಲಾಸಿನಿಂದ ನಾವೆಲ್ಲ ಬಾಯಿಪಾಠ ಮಾಡಿದ್ದು. ಕ್ರಿ.ಶ. ೬೪೧ರ ಸುಮಾರಿಗೆ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಹ್ಯೂಯೆನ್ ತ್ಸಾಂಗ್. ಶಾಲೆಯಲ್ಲಿ 'ಜನರು ಸ್ವಾಭಿಮಾನಿಗಳು, ಉಪಕಾರ ಮರೆಯದವರು' ಅಷ್ಟಕ್ಕೆ ನಿಲ್ಲಿಸುತ್ತಾರೆ. ಮುಂದೆ ಇರೋದು ಸ್ವಾರಸ್ಯ. ಅವಮಾನವಾದರೆ ಸೇಡು ತೀರಿಸದೆ ಬಿಡೋದಿಲ್ಲ, ಆದರೆ ಮೊದಲು ಎಚ್ಚರಿಕೆ ಕೊಟ್ಟು ಆಮೇಲೆ ಆಯುಧ ಹಿಡೀತಾರೆ. ಸೋತ ದಂಡನಾಯಕನಿಗೆ ಶಿಕ್ಷೆ ಇಲ್ಲ, ಹೆಂಗಸರ ಬಟ್ಟೆ ಕೊಡ್ತಾರೆ, ಅವನೇ ನಾಚಿ ಸಾಯ್ತಾನೆ. ಅರಸನ ಬಳಿ ನೂರಾರು ಜಟ್ಟಿಗಳಿದ್ದಾರೆ. ಕಾಳಗಕ್ಕೆ ಮೊದಲು ಹೆಂಡ ಕುಡಿದು ಅಮಲೇರಿಸಿಕೊಳ್ತಾರೆ, ಆನೆಗಳಿಗೂ ಕುಡಿಸ್ತಾರೆ. ಕುಡಿದವರ ಹೆಜ್ಜೆಯನ್ನೂ ಚೀನೀಯರು ಒಂದು ಶೈಲಿ ಮಾಡಿಕೊಂಡಿದ್ದಾರೆ. ೧೯೭೮ರ ಜಾಕಿ ಚಾನ್ ಸಿನಿಮಾ ನೋಡಿದವರಿಗೆ ಗೊತ್ತು. ದಯವಿಟ್ಟು ಅದೂ ನಮ್ಮಿಂದಲೇ ಹೋಯ್ತು ಅಂತ ಯಾರೂ ಫಾರ್ವರ್ಡ್ ಮಾಡಬೇಡಿ! ಯುದ್ಧಕಲೆಯ ನಾಡಿನಿಂದ ಬಂದವನು ಅಂತ ನಾವು ಕೊಂಡಾಡುವ ಆ ಯಾತ್ರಿಕ ಇಲ್ಲಿ ಕಂಡದ್ದು ಈಟಿ ಮತ್ತು ಆನೆ.

ಹೆಜ್ಜೆಯ ಲೆಕ್ಕ ನಮ್ಮಲ್ಲಿ ಬೇರೆ ಕಡೆ ಸಿಗುತ್ತದೆ. ಭರತನ ನಾಟ್ಯಶಾಸ್ತ್ರದಲ್ಲಿ! ನಿಲ್ಲುವ ರೀತಿ ಆರು: ವೈಷ್ಣವ, ಸಮಪಾದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢ. ನಡೆಯುವ 'ಚಾರಿ'ಗಳು ೩೨, ಹದಿನಾರು ನೆಲದವು, ಹದಿನಾರು ಕಾಲು ಎತ್ತುವಂಥವು. ರಂಗದ ಮೇಲೆ ಯುದ್ಧ ತೋರಿಸುವಾಗ ಇವನ್ನೇ ಬಳಸಬೇಕು. ಆಲೀಢ ಅಂದರೆ ಬಿಲ್ಲುಗಾರ ನಿಲ್ಲುವ ರೀತಿ, ಒಂದು ಕಾಲು ಬಾಗಿಸಿ ಇನ್ನೊಂದು ಚಾಚಿ. ನಮ್ಮ ಹುಡುಗ ನಿಂತ 'ಬಿಲ್ಲು ಹೆಜ್ಜೆ'ಯ ಪಕ್ಕ ಇಟ್ಟು ನೋಡಿ. ಅಲ್ಲೂ ಬಿಲ್ಲು, ಇಲ್ಲೂ ಬಿಲ್ಲು! ನಾನೂ ಒಂದು ಕ್ಷಣ ಕುರ್ಚಿಯಿಂದ ಎದ್ದೆ. ಆದರೆ ಅವರ ಬಿಲ್ಲು ಕಾಲಿನ ಆಕಾರ, ನಮ್ಮ ಬಿಲ್ಲು ಕೈಯಲ್ಲಿರುವ ಆಯುಧ. ಮನುಷ್ಯನಿಗೆ ಇರೋದು ಎರಡೇ ಕಾಲು. ಮುಂದಕ್ಕೆ ನೂಕಲು ಬಲ ಬೇಕಾದವನು ಗ್ರೀಸಿನಲ್ಲಿ ಹುಟ್ಟಿದರೂ ಹಾಗೇ ನಿಲ್ಲುತ್ತಾನೆ. ಮಹಾಭಾರತದ ಗದಾಯುದ್ಧದಲ್ಲಿ ಭೀಮ ದುರ್ಯೋಧನರು ಮಂಡಲ ಹಾಕುತ್ತಾರೆ, ಅಂದರೆ ಒಬ್ಬರನ್ನೊಬ್ಬರು ಸುತ್ತುತ್ತಾರೆ. ದೊಂಗ್ ಹಾಯ್‌ಚುವಾನ್ ಅದನ್ನು ಓದಿರಬೇಕಾಗಿಲ್ಲ.

ಹಾವೇರಿಗೆ ಹೋದವರು ಪುರದ ಸಿದ್ಧೇಶ್ವರ ಗುಡಿ ನೋಡಿಯೇ ಇರುತ್ತೀರಿ. ಕಲ್ಯಾಣ ಚಾಲುಕ್ಯರ ಕಾಲದ್ದು, ಗುಡಿ ಪಡುವಣಕ್ಕೆ ಮುಖ ಮಾಡಿದೆ. ಅಲ್ಲಿ ವೀರಗಲ್ಲು ಇದೆ. ನಮ್ಮ ಸೀಮೆಯಲ್ಲಿ ವೀರಗಲ್ಲಿಗೆ ಬರವಿಲ್ಲ ಬಿಡಿ, ಊರ ಬಾವಿಯ ಹತ್ತಿರ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವುದನ್ನೂ ನೋಡಿದ್ದೇನೆ. ತುರು ಕಾಯಲು, ಊರು ಕಾಯಲು ಸತ್ತವರ ಕಲ್ಲುಗಳು. ನಾವು ಸಾಮಾನ್ಯವಾಗಿ ಮೇಲಿನ ಪಟ್ಟಿಕೆಯ ಕೈಲಾಸ, ನಡುವಿನ ಅಪ್ಸರೆಯರನ್ನು ನೋಡಿ ಫೋಟೋ ಹೊಡೆದು ಬರ್ತೀವಿ. ಮುಂದಿನ ಸಲ ಕೆಳಗಿನ ಪಟ್ಟಿಕೆಯಲ್ಲಿ ವೀರನ ಕಾಲು ನೋಡಿ. ಮುಂಗಾಲು ಬಾಗಿದೆ, ಹಿಂಗಾಲು ಚಾಚಿದೆ. ಹಿಂದೆ ಸರಿಯುವವನ ಕಾಲಲ್ಲ ಅದು. ಕಲ್ಲು ಕಡಿದ ಶಿಲ್ಪಿಗೆ ಭಂಗಿ ಶಾಸ್ತ್ರದಿಂದ ಬಂದಿರಬಹುದು, ಆದರೂ ಸತ್ತವನ ಮನೆಯವರು ಅವನನ್ನು ಹಾಗೆ ನೆನಪಿಟ್ಟುಕೊಳ್ಳಲು ಒಪ್ಪಿದ್ದಾರಲ್ಲ.

ಆ ಗುಡಿಯ ಕಾಲದ ಚಾಲುಕ್ಯ ಅರಸರಲ್ಲಿ ಒಬ್ಬ ಮೂರನೇ ಸೋಮೇಶ್ವರ, ವಿಕ್ರಮಾದಿತ್ಯನ ಮಗ. ಅವನ ಬಿರುದೇ 'ಭೂಲೋಕಮಲ್ಲ'. ೧೧೨೯ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ' ಸಾಮಾನ್ಯದ್ದಲ್ಲ. ನೂರು ಅಧ್ಯಾಯ. ಅಡುಗೆ, ಸಂಗೀತ, ಆನೆ, ಮೀನು ಹಿಡಿಯೋದು, ಎಲ್ಲ ಇದೆ. ಅದರಲ್ಲಿ 'ಮಲ್ಲವಿನೋದ' ಅಂತ ಒಂದು ಅಧ್ಯಾಯ. ಮಲ್ಲರಲ್ಲಿ ಮೂರು ದರ್ಜೆ: ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ. ನಮ್ಮ 'ಜಟ್ಟಿ' ಪದ ಆ ಜ್ಯೇಷ್ಠಿಯಿಂದಲೇ ಬಂದದ್ದು ಅಂತಾರೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವಾಗ ಒಂಬೈನೂರು ವರ್ಷದ ಹಳೆಯ ಹುದ್ದೆಯ ಹೆಸರು ಹೇಳ್ತಾ ಇರ್ತೀವಿ. ತಾಲೀಮಿನ ವಿವರವೂ ಇದೆ. ಭಾರಶ್ರಮ, ಭಾರ ಎತ್ತೋದು. ಭ್ರಮಣಶ್ರಮ, ನಡೆಯೋದು. ಸಲಿಲಶ್ರಮ, ನೀರಲ್ಲಿ ಈಜೋದು. ಬಾಹುಪೆಲ್ಲಣಕಶ್ರಮ, ತೋಳಿಗೆ ತೋಳು ಕೊಟ್ಟು ತಳ್ಳಾಡೋದು. ಸ್ತಂಭಶ್ರಮ, ಕಂಬದ ಮೇಲಿನ ಕಸರತ್ತು, ಅಂದರೆ ನಮ್ಮ ಮಲ್ಲಕಂಬದ ಅಜ್ಜ. ಕಣಕ್ಕೆ ಅವನು ಹೇಳುವ ಪದ 'ಅಕ್ಖಾಡಕ', ನಮ್ಮ ಅಖಾಡ!

ಇದನ್ನು ಓದಿ ಹೇಳಿದಾಗ ಕಾಕಾ ಚಹಾ ಲೋಟ ಕೆಳಗಿಟ್ಟರು. "ಐದು ನಮೂನಿ ತಾಲೀಮು ಅಂದ್ಯಾ? ನಮ್ಮ ವಸ್ತಾದ ಕೆರಿಯಾಗ ಈಸಬೇಕು ಅಂತ ಬಡೀತಿದ್ದ. ಯಾಕ ಅಂತ ಕೇಳಿದ್ರ ಮತ್ತ ಬಡೀತಿದ್ದ."

ಒಂಬೈನೂರು ವರ್ಷದ ಸಾಲು ಮುರಿಯದೆ ಬಂದಿದೆ ಅಂತ ನಾನು ಹೇಳೋದಿಲ್ಲ. ನಡುವೆ ಎಷ್ಟೋ ಬಂದು ಸೇರಿದೆ. ವಸ್ತಾದ, ತಾಲೀಮು, ಕುಸ್ತಿ, ಪೈಲ್ವಾನ, ಇವೆಲ್ಲ ಪಾರಸಿ, ಅರಬಿ ಕಡೆಯ ಮಾತುಗಳು. ಪಟ್ಟುಗಳ ಹೆಸರು ಢಾಕ್, ಕಲಾಜಂಗ, ನಿಕಾಲ, ಇವು ಉತ್ತರದಿಂದ ಮರಾಠಿ ಸೀಮೆ ದಾಟಿ ಬಂದವು. ನಮ್ಮ ಭಾಗದ ಪೈಲ್ವಾನರ ಕಣ್ಣೆಲ್ಲ ಕೊಲ್ಹಾಪುರದ ಮೇಲೆ. ಶಾಹು ಮಹಾರಾಜರು ಅಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದ್ದು ೧೯೧೨ರಲ್ಲಿ. ಯುರೋಪಿಗೆ ಹೋದಾಗ ರೋಮಿನ ಬಯಲು ಅಖಾಡ ನೋಡಿ ಬಂದವರು ಅವರು. ಹಾಗೆ ನೋಡಿದರೆ ಗರಡಿ ಅನ್ನೋದೇ ಒಂದು ಸಂತೆ, ಎಲ್ಲ ಕಡೆಯ ಸರಕೂ ಇದೆ.

ಮಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಹೆಜ್ಜೆ ಹುಟ್ಟೋದು ನೆಲದಿಂದ. ಮಟ್ಟಿಗೆ ಕೆಮ್ಮಣ್ಣು, ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆಹಣ್ಣು ಹಾಕಿ ಹದ ಮಾಡುತ್ತಾರೆ. ಅಂಥ ಮಣ್ಣು ಹಿಮ್ಮಡಿಯನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಜಿಗಿದಾಡೋಕೆ ಆಗೋದಿಲ್ಲ, ಕಾಲು ಜಾರಿಸಿ ಸರಿಯಬೇಕು. ಮಣ್ಣಿನ ಕುಸ್ತಿಗೆ ಹೊತ್ತಿನ ಮಿತಿ ಇರಲಿಲ್ಲ, ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವವರೆಗೆ ಕುಸ್ತಿ. ಹಾಗಾಗಿ ಕಾಯುವವನೇ ಜಾಣ. ಮ್ಯಾಟ್ ಬಂದ ಮೇಲೆ ಲೆಕ್ಕ ತಿರುಗಿತು. ಮೂರು ಮೂರು ನಿಮಿಷದ ಎರಡು ಸುತ್ತು, ಎದುರಾಳಿಯನ್ನು ವೃತ್ತದಿಂದ ಆಚೆ ಹೆಜ್ಜೆ ಇಡಿಸಿದರೂ ಒಂದು ಅಂಕ. ಅಂದರೆ ಅಂಚು ಎನ್ನುವುದೇ ಒಂದು ಆಯುಧ ಆಯಿತು. ಮಣ್ಣಲ್ಲಿ ಪಳಗಿದ ಕಾಲಿಗೆ ಅಂಚಿನ ಭಯವೇ ಇರೋದಿಲ್ಲ, ಹಿಂದಕ್ಕೆ ಸರಿದು ಜಾಗ ಮಾಡಿಕೊಳ್ಳೋದು ಅದರ ಅಭ್ಯಾಸ. ಕಾಕಾ ತರಬೇತಿ ಕೊಟ್ಟ ಹುಡುಗನೊಬ್ಬ ಮ್ಯಾಟ್ ಮೇಲೆ ಒಂದೂ ಸಲ ಬೀಳದೆ, ಬರೀ ಅಂಚಿನಾಚೆ ಕಾಲಿಟ್ಟೇ ಸೋತು ಬಂದ. ಆ ಸಿಟ್ಟು ಕಾಕಾಗೆ ಇನ್ನೂ ಇಳಿದಿಲ್ಲ.

ಕಾಯೋದರ ಇನ್ನೊಂದು ಕತೆ ಗಾಮಾನದ್ದು. ೧೯೧೦ರ ಸೆಪ್ಟೆಂಬರ್ ೧೦, ಲಂಡನ್. ಎದುರಿಗೆ ಪೋಲೆಂಡಿನ ಜ್ಬಿಷ್ಕೊ, ಗಾಮಾನಿಗಿಂತ ಎಷ್ಟೋ ತೂಕ. ಶುರುವಾದ ಸ್ವಲ್ಪ ಹೊತ್ತಿಗೇ ಅವನು ಹೊಟ್ಟೆ ಅಡಿ ಮಾಡಿ ಮ್ಯಾಟಿಗೆ ಅಂಟಿಕೊಂಡು ಬಿದ್ದ. ಎರಡೂವರೆ ತಾಸು! ಏಳಲೇ ಇಲ್ಲ. ಸಮ ಅಂತ ತೀರ್ಪಾಯ್ತು. ವಾರದ ನಂತರ ಮರುಕುಸ್ತಿಗೆ ಬರಲೂ ಇಲ್ಲ. ಜನ ನಗುತ್ತಾರೆ, ಆದರೆ ಅದೂ ಒಂದು ನಿಲುವು ತಾನೆ, ಕಾಲೇ ಇಲ್ಲದ ನಿಲುವು. ೧೯೨೮ರಲ್ಲಿ ಪಟಿಯಾಲದಲ್ಲಿ ಮತ್ತೆ ಸಿಕ್ಕಾಗ ಗಾಮಾ ಅವನಿಗೆ ಮಲಗಲು ಪುರಸೊತ್ತೇ ಕೊಡಲಿಲ್ಲ. ಒಂದು ನಿಮಿಷದೊಳಗೆ ಮುಗೀತು.

ಇಷ್ಟೆಲ್ಲ ಓದಿಕೊಂಡು ಬಲಿಪಾಡ್ಯಮಿ ಆದಮೇಲೆ ಬ್ಯಾಡಗಿ ಕಡೆಯ ಒಂದು ಹಳ್ಳಿಗೆ ಹೋರಿ ಹಬ್ಬ ನೋಡೋಕೆ ಹೋದೆವು. ಗೊತ್ತಿಲ್ಲದವರಿಗೆ: ಹೋರಿಗೆ ಜೂಲ, ಬಲೂನು ಕಟ್ಟಿ, ಕೊರಳಿಗೆ ಕೊಬ್ಬರಿ ಸರ ಹಾಕಿ ಓಡಿಸುತ್ತಾರೆ. ಎರಡೂ ಕಡೆ ಜನ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು, ಕೊಬ್ಬರಿ ಕೊಡದೆ ದಾಟಿದರೆ ಹೋರಿ ಗೆದ್ದಂತೆ. ೨೦೧೪ರ ಜಲ್ಲಿಕಟ್ಟು ತೀರ್ಪು, ರಾಜ್ಯಗಳ ತಿದ್ದುಪಡಿ, ೨೦೨೩ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿದದ್ದು, ಆ ಚರ್ಚೆ ಇಲ್ಲಿ ಬೇಡ. ನಾನು ಆವತ್ತು ನೋಡಿದ್ದು ಕಾಲುಗಳನ್ನು ಮಾತ್ರ.

ಹಿಡಿಯುವ ಪಳಗಿದ ಹುಡುಗರು ಯಾರೂ ಹೋರಿಯ ನೇರಕ್ಕೆ ನಿಲ್ಲೋದಿಲ್ಲ. ಬದಿಗೆ, ಓರೆಯಾಗಿ, ಭಾರ ಹಿಂಗಾಲಿಗೆ. ಹೋರಿ ಬರುವ ಗೆರೆಯಿಂದ ಒಂದೇ ಒಂದು ಹೆಜ್ಜೆ ಆಚೆ. ಕೊಂಬು ದಾಟಿ ಇಣಿ ಎದುರಿಗೆ ಬರುತ್ತಲೇ ಅದರ ಜೊತೆಗೇ ಓಡುತ್ತಾ ಕೊರಳಿಗೆ ಕೈ. ನಮ್ಮ ಹುಡುಗ ಪಿಸುಗುಟ್ಟಿದ, "ಕಾಕಾ, ಅದು ಬರಿದು ಹೆಜ್ಜಿ." ಹೌದಲ್ಲ! ದೊಂಗ್ ಹಾಯ್‌ಚುವಾನ್ ವೃತ್ತ ಹಾಕಿ ಕಲಿಸಿದ್ದನ್ನು ಇಲ್ಲಿ ಒಂದು ಹೋರಿ ಕಲಿಸಿಬಿಟ್ಟಿದೆ. ಫೀಸಿಲ್ಲ.

ಆದರೆ ಫೀಸು ಇದೆ. ಮೂರನೆಯದೋ ನಾಲ್ಕನೆಯದೋ ಹೋರಿ ಬಿಟ್ಟಾಗ ಬಿಳಿ ಅಂಗಿಯ ಒಬ್ಬರು, ನೋಡೋಕೆ ಬಂದವರು, ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಾ ಮುಂದೆ ಬಂದರು. ಹೋರಿ ಜನರಿಗೆ ಬೆದರಿ ಬದಿಗೆ ತಿರುಗಿತು. ಅವರು ಬೆನ್ನು ತೋರಿಸಿ ಅದರ ನೇರಕ್ಕೇ ಓಡಿದರು. ಪಕ್ಕಕ್ಕೆ ಎರಡು ಹೆಜ್ಜೆ ಸರಿದಿದ್ದರೆ ಸಾಕಿತ್ತು. ತೊಡೆಗೆ ಏಟು ಬಿತ್ತು, ಹೆಗಲ ಮೇಲೆ ಹೊತ್ತು ಗಾಡಿಗೆ ಹಾಕಿದರು. ಬದುಕಿದರು ಅಂತ ಆಮೇಲೆ ಗೊತ್ತಾಯ್ತು. ಪ್ರತಿ ವರ್ಷ ಈ ಹಬ್ಬದಲ್ಲಿ ನಮ್ಮ ಜಿಲ್ಲೆಯಲ್ಲಿ ಸಾಯುವವರಲ್ಲಿ ಇಂಥ ನೋಡುಗರೂ ಇರುತ್ತಾರೆ. ಸ್ವರಕ್ಷಣೆ ಕ್ಲಾಸುಗಳಲ್ಲಿ ಮೊದಲ ದಿನ ಮುಷ್ಟಿ ಕಟ್ಟೋದು ಹೇಳಿಕೊಡುವ ಬದಲು ಇದನ್ನು ಹೇಳಿಕೊಡಬೇಕು ಅಂತ ನನಗನ್ನಿಸಿತು, ಓಡುವಾಗ ಯಾವ ಕಡೆ ಓಡಬೇಕು ಅಂತ. ಬರುವ ದಾರಿಯಲ್ಲಿ ಹುಡುಗ ಒಂದೂ ಮಾತಾಡಲಿಲ್ಲ.

ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಎರಡು ಪುಟ ಬರೆದು ಕಾಕಾಗೆ ಓದಿ ಹೇಳಿದೆ. ಬೋಧಿಧರ್ಮ ಇಲ್ಲ. ಭೂಲೋಕಮಲ್ಲ ಇದ್ದಾನೆ, ಐದು ಶ್ರಮ ಇದೆ, ಇದೇ ಸೀಮೆ ಅವನ ಆಳ್ವಿ��ೆಯಲ್ಲಿತ್ತು ಅಂತ ಇದೆ, ಆದರೆ ನಮ್ಮ ಗರಡಿ ಅವನ ಕಾಲದ್ದು ಅಂತ ಇಲ್ಲ. ಗರಡಿಯಲ್ಲಿ ಕಲಿತವರ ಪಟ್ಟಿ, ಕಾಕಾನ ವಸ್ತಾದರ ಹೆಸರು, ಅವರ ವಸ್ತಾದರ ಹೆಸರು, ಅಷ್ಟಕ್ಕೆ ನೆನಪು ನಿಲ್ಲುತ್ತದೆ, ಅಲ್ಲಿಗೇ ನಿಲ್ಲಿಸಿದ್ದೇನೆ.

ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಭೂಲೋಕಮಲ್ಲ ಅನ್ನೋದನ್ನ ದಪ್ಪ ಅಕ್ಷರದಾಗ ಮಾಡು" ಅಂದರು.

ಮಾಡಿದೆ :) "ಮತ್ತ ಶಾಲ್ಯಾಗಿನ ಆ ಡಬ್ಬಿ?" ಅಂತ ಕೇಳಿದರು. ಅವ್ವ ಅದರಲ್ಲಿ ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಿಟ್ಟಿದ್ದಾಳೆ ಅಂದೆ. ಇಬ್ಬರೂ ನಕ್ಕೆವು.

ಅರ್ಜಿ ಕೊಟ್ಟು ಮೂರು ವಾರ ಆಯ್ತು. ಸ್ವೀಕೃತಿ ಚೀಟಿ ಇದೆ, ಉತ್ತರ ಬಂದಿಲ್ಲ. ಸದ್ಯಕ್ಕೆ ಮಟ್ಟಿಯ ಮೇಲೆ ನೀಲಿ ತಾಡಪತ್ರಿ ಕಟ್ಟಿದ್ದಾರೆ. ಅಣ್ಣನ ಮಗ ಕುಂಗ್‌ಫು ಕ್ಲಾಸು ಬಿಟ್ಟಿಲ್ಲ, ಆದರೆ ಭಾನುವಾರ ಬೆಳಿಗ್ಗೆ ಗರಡಿಗೆ ಬಂದು ಆ ರಾಡಿ ಮಣ್ಣನ್ನು ಸಲಿಕೆಯಿಂದ ಮಗುಚುತ್ತಾನಂತೆ. ಕಾಕಾ ಕುರ್ಚಿ ಹಾಕಿಕೊಂಡು ಕೂತು ಅವನ ಕಾಲು ನೋಡ್ತಾರಂತೆ, ಊರುಗೋಲು ಕೈಯಲ್ಲೇ.

ನಿಮ್ಮೂರಿನ ಗರಡಿಯಲ್ಲಿ ಕಾಲು ಸರಿಸುವ ರೀತಿಗಳಿಗೆ ಬೇರೆ ಹೆಸರುಗಳಿದ್ದರೆ ದಯವಿಟ್ಟು ತಿಳಿಸಿ. ನಮ್ಮ ಕಡೆ 'ವರಸೆ' ಅನ್ನೋದು ದೊಣ್ಣೆಗೆ, ಕತ್ತಿಗೆ ಮಾತ್ರ. ಕಾಕಾ ಬರೀ ಕಾಲಿಗೆ 'ಸರಕು' ಅಂತಾರೆ, "ಸರಕು ಛಲೋ ಐತಿ ಅವಂದು" ಅಂತ. ಅದು ಸರಿ ಅನ್ನುವ ಕ್ರಿಯಾಪದದಿಂದ ಬಂದದ್ದೋ, ಅಂಗಡಿಯ ಸರಕೋ ಅಂತ ಕೇಳಿದೆ. "ಬಿದ್ದ ಮ್ಯಾಲೆ ಕೇಳು" ಅಂದರು.